ಫ್ಯೂಸಿನ ಜಾಗದಲ್ಲಿ ತಂತಿ ಬೇಡ, ಟೈರಿನ ಮೇಲೆ ಕಣ್ಣಿರಲಿ

ಅಥಣಿ ತಾಲೂಕಿನ ಅನಂತಪುರದ ಸುತ್ತಿನ ಹಳ್ಳಿಗಳಲ್ಲಿ ಇಂದು ದನದ ಕೊಟ್ಟಿಗೆಯ ಪಕ್ಕದಲ್ಲೇ ನಾಲ್ಕು ಗಾಲಿಯ ವಾಹನವೊಂದು ನಿಂತಿರುವುದು ಅಪರೂಪದ ನೋಟವಲ್ಲ. ಹಳೆಯ ಜೀಪು, ಮಾಲು ಸಾಗಿಸುವ ಪಿಕಪ್ಪು, ಇಲ್ಲವೆ ಬೇರೆಯವರು ಬಳಸಿ ಮಾರಿದ ಸಣ್ಣ ಕಾರು. ಸಂತೆಗೆ, ಲಗ್ನಕ್ಕೆ, ಗಡಿಯಾಚೆಯ ಮೀರಜಿನ ದವಾಖಾನೆಗೆ, ಎಲ್ಲಕ್ಕೂ ಅದೇ ಆಸರೆ. ಎತ್ತಿನ ಗೊರಸು ಸವೆದರೆ ಲಾಳ ಹೊಡೆಸಲು ಮರೆಯದ ನಮ್ಮ ರೈತ, ಈ ವಾಹನದ ಫ್ಯೂಸು ಮತ್ತು ಟೈರುಗಳ ಮಾತು ಬಂದರೆ ಮಾತ್ರ “ಅದು ಮಿಸ್ತ್ರಿ ಕೆಲಸ” ಎಂದು ಸುಮ್ಮನಾಗುತ್ತಾನೆ. ಇದು ಸರಿಯಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಈ ಎರಡೂ ಮಿಸ್ತ್ರಿಯ ಕೆಲಸವಾಗುವ ಮೊದಲು ಮಾಲೀಕನ ಕೆಲಸ.

ನಾನೂ ಇದೇ ತಪ್ಪು ಮಾಡಿದವನೇ. ಒಂದು ರಾತ್ರಿ ಅಥಣಿಯಿಂದ ಮರಳುವಾಗ ನಮ್ಮ ಜೀಪಿನ ಮುಂದಿನ ದೀಪಗಳು ಆರಿದವು. ಜೊತೆಗಿದ್ದ ಚಾಲಕ, “ಫ್ಯೂಸ್ ಹೋಗೇತ್ರೀ ಸಾಹೇಬ್ರ, ಒಂದ್ ಎಳಿ ತಂತಿ ಸುತ್ತಿದ್ರ ಊರ ಮುಟ್ಟತೀವಿ” ಎಂದ. ಸುತ್ತಿದ, ದೀಪ ಹತ್ತಿತು, ಊರು ಮುಟ್ಟಿದೆವು. ಮರುದಿನ ಆ ತಂತಿಯನ್ನು ತೆಗೆಸಬೇಕಿತ್ತು, ನಾನು ಮರೆತೆ. ಎಂಟು ದಿನದಲ್ಲಿ ಚಾಲಕನ ಮುಂದಿನ ಹಲಗೆಯ ಅಡಿಯಿಂದ ಹೊಗೆ ಬಂತು. ಬ್ಯಾಟರಿಯ ತಂತಿಯನ್ನು ಬೇಗನೆ ಬಿಚ್ಚಿದ್ದರಿಂದ ಜೀಪು ಉಳಿಯಿತು. ಒಳಗೆ ಕುಳಿತಿದ್ದ ಮಕ್ಕಳನ್ನು ಇಳಿಸುವಾಗ ನನ್ನ ಕೈ ನಡುಗಿದ್ದನ್ನು ಇಂದಿಗೂ ಮರೆತಿಲ್ಲ. ಆಮೇಲೆ ನೋಡಿದರೆ ಇಲಿಯೊಂದು ತಂತಿಯ ಹೊದಿಕೆಯನ್ನು ಕಡಿದಿತ್ತು. ಮೊದಲ ರಾತ್ರಿಯೇ ಫ್ಯೂಸು ಆ ಸುದ್ದಿಯನ್ನು ಹೇಳಿತ್ತು. ನಾವು ಅದರ ಬಾಯಿ ಕಟ್ಟಿದ್ದೆವು.

ಫ್ಯೂಸೆಂದರೆ ಏನು? ನಿಗದಿಗಿಂತ ಹೆಚ್ಚು ವಿದ್ಯುತ್ ಹರಿದಾಗ ತಾನು ಕರಗಿ ಉಳಿದದ್ದನ್ನು ಕಾಯುವ ಸಣ್ಣ ಲೋಹದ ಪಟ್ಟಿ. ಇದನ್ನು ರೈತರಿಗೆ ಹೊಸದಾಗಿ ತಿಳಿಸಬೇಕಾಗಿಲ್ಲ. ಪಂಪ್‌ಸೆಟ್ಟಿನ ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಹಾಕಿ, ಕೊನೆಗೆ ಮೋಟಾರು ಸುಟ್ಟುಕೊಂಡು ವೈಂಡಿಂಗಿಗೆ ಹಣ ತೆತ್ತವರು ಊರಿಗೆ ಹತ್ತು ಜನ ಸಿಕ್ಕಾರು. ವಾಹನದಲ್ಲಿಯೂ ಅದೇ ನಿಯಮ. ಅಲ್ಲಿ ಸುಡುವುದು ಮೋಟಾರಲ್ಲ, ನಾವು ಕುಳಿತ ಬಂಡಿ.

ಲೆಕ್ಕ ಸರಳವಾಗಿದೆ. 60 ವ್ಯಾಟಿನ ಎರಡು ದೀಪಗಳು ಸೇರಿ 120 ವ್ಯಾಟು. ಬ್ಯಾಟರಿ 12 ವೋಲ್ಟಿನದಾದರೆ ಹರಿಯುವುದು ಸುಮಾರು 10 ಆಂಪಿಯರ್. ಎರಡಕ್ಕೂ ಒಂದೇ ಫ್ಯೂಸಿದ್ದರೆ ಅಲ್ಲಿ 15 ಆಂಪಿಯರಿನದು ಸಾಕು. ಅದರ ಬದಲು 30 ಆಂಪಿಯರಿನದು ಹಾಕಿದರೆ ಫ್ಯೂಸಿಗಿಂತ ಮೊದಲು ತಂತಿಯೇ ಕಾಯುತ್ತದೆ. ಈಗಿನ ಚಪ್ಪಟೆ ಫ್ಯೂಸುಗಳಲ್ಲಿ ಬಣ್ಣವೇ ಗುರುತು: 10 ಆಂಪಿಯರಿಗೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸಿರು. ಅಂಕಿಯೂ ಅದರ ನೆತ್ತಿಯ ಮೇಲೆಯೇ ಇರುತ್ತದೆ. ಕೀಲಿ ತೆಗೆದು, ಪೆಟ್ಟಿಗೆಯ ಮುಚ್ಚಳದ ಒಳಗಿನ ನಕ್ಷೆ ನೋಡಿ, ಸುಟ್ಟದ್ದನ್ನು ಕಿತ್ತು ಅದೇ ಅಂಕಿಯದನ್ನು ಒತ್ತಿ ಕೂಡಿಸಬೇಕು. ಅದೂ ತಕ್ಷಣ ಸುಟ್ಟರೆ ಮೂರನೆಯದನ್ನು ಹಾಕದೆ ದೋಷ ಹುಡುಕಿಸಬೇಕು. ಕಣಿಕೆ ಬಣವೆಯ ಪಕ್ಕದಲ್ಲಿ ನಿಲ್ಲಿಸಿದ ವಾಹನದಲ್ಲಿ ಇಲಿ ಕಡಿತವನ್ನೂ, ಇದ್ದ ತಂತಿಗೇ ಹೆಚ್ಚಿನ ಹಾರ್ನು, ದೀಪ, ಹಾಡಿನ ಪೆಟ್ಟಿಗೆಗಳನ್ನು ಜೋಡಿಸಿದ್ದನ್ನೂ ಮೊದಲು ಸಂಶಯಿಸಬೇಕು.

ಇನ್ನು ಟೈರಿನ ಮಾತು. ಗಾಳಿ ತುಂಬಿದ ಟೈರನ್ನು 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಬಳಕೆಗೆ ತಂದ ಜಾನ್ ಬಾಯ್ಡ್ ಡನ್‌ಲಪ್ ವೃತ್ತಿಯಿಂದ ದನದ ಡಾಕ್ಟರು. ಮಗನ ಮೂರು ಗಾಲಿಯ ಸೈಕಲ್ಲು ಕುಲುಕದೆ ಓಡಲೆಂದು ಆತ ಅದನ್ನು ಮಾಡಿದ. ನಮ್ಮ ಭಾಗದಲ್ಲಿ ಕಬ್ಬು ಹೇರುವ ರಬ್ಬರ್ ಗಾಲಿಯ ಬಂಡಿಗೆ ‘ಡನ್‌ಲಪ್ ಗಾಡಿ’ ಎಂಬ ಹೆಸರು ಬಂದದ್ದು ಹೀಗೆ. ಆ ಟೈರು ಭಾರ ಹೊರುವುದು ರಬ್ಬರಿನ ಬಲದಿಂದಲ್ಲ, ಒಳಗಿನ ಗಾಳಿಯ ಬಲದಿಂದ. ಗಾಳಿ ಕಡಿಮೆಯಾದರೆ ಬದಿಯ ಗೋಡೆ ಸುತ್ತು ಸುತ್ತಿಗೂ ಮಡಿಚಿ ಕಾಯುತ್ತದೆ. ಚೈತ್ರ ವೈಶಾಖದ ಕಾದ ಡಾಂಬರಿನ ಮೇಲೆ, ತುಂಬಿದ ಹೇರಿನೊಂದಿಗೆ ಅದು ಸಿಡಿದರೆ ಸ್ಟೇರಿಂಗು ಹಿಡಿದವನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಕಾಲಿನಿಂದ ಒದ್ದು ಗಾಳಿ ಅಳೆಯುವ ಪದ್ಧತಿ ಹೋಗಬೇಕು. ಅಳತೆಯ ಮೀಟರೊಂದನ್ನು ಮನೆಯಲ್ಲಿಟ್ಟುಕೊಂಡು, ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ವಾಹನ ಓಡುವ ಮೊದಲು ನೋಡಬೇಕು. ಎಷ್ಟಿರಬೇಕೆಂಬುದು ಹೆಚ್ಚಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ. ಅದನ್ನು ಕಂಡು ಗಾಳಿ ಬಿಡುವುದು ತಪ್ಪು. ಎಲೆಯ ಬಣ್ಣ ನೋಡಿ ಬೆಳೆಯ ರೋಗ ಹೇಳುವವನಿಗೆ ಟೈರು ಓದುವುದು ಕಷ್ಟವಲ್ಲ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚು, ಒಂದೇ ಬದಿ ಸವೆದಿದ್ದರೆ ಗಾಲಿಯ ಓರೆ ಸರಿಪಡಿಸಬೇಕು. ಕಾರಿನ ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಅದರ ಆಯುಷ್ಯ ಮುಗಿಯಿತು. ಗೀರಿನ ತಳದಲ್ಲಿರುವ ಸಣ್ಣ ದಿಂಡುಗಳು ಮೇಲ್ಮೈಗೆ ಸಮನಾಗಿ ಕಂಡಾಗ ಇದು ತಿಳಿಯುತ್ತದೆ. ಬದಿಯಲ್ಲಿರುವ ನಾಲ್ಕಂಕಿಯ ಗುರುತು ತಯಾರಾದ ವಾರ ಮತ್ತು ವರ್ಷ. 2319 ಎಂದರೆ 2019ರ ಇಪ್ಪತ್ಮೂರನೆಯ ವಾರ. ಬಳಸಿದ ಟೈರು ಕೊಳ್ಳುವವರು ಇದನ್ನು ಓದದೆ ಹಣ ಕೊಡಬಾರದು. ಕಬ್ಬಿನ ಕೂಳೆ, ಜಾಲಿ ಮುಳ್ಳುಗಳ ಮೇಲೆ ಹಾಯ್ದು ಬಂದ ದಿನ ಸ್ಟೆಪ್ನಿಯನ್ನೂ ಸೇರಿಸಿ ಐದೂ ಟೈರುಗಳನ್ನು ಸುತ್ತ ನೋಡಬೇಕು.

“ಹೊಸ ಟೈರಿಗೆ ರೊಕ್ಕ ಎಲ್ಲಿಂದ ತರೂದು? ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲ” ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದು ನಿಜವಾದ ಕಷ್ಟ. ಆದರೆ ಫ್ಯೂಸು ಒಂದು ಚಹಾದ ಬೆಲೆಗೆ ಸಿಗುತ್ತದೆ, ಗಾಳಿ ನೋಡುವುದಕ್ಕೆ ಹಣವೇ ಬೇಡ. ಸರಿಯಾದ ಗಾಳಿಯಿದ್ದರೆ ಇದ್ದ ಟೈರೇ ಹೆಚ್ಚು ದಿನ ಬರುತ್ತದೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಬೇಕಾಗುವ ತನಕ ಬಿಡುವುದು ಬಡತನವಲ್ಲ, ಉದಾಸೀನ.

ಈ ಉದಾಸೀನ ನಮ್ಮ ಮನೆಗಷ್ಟೇ ಸೀಮಿತವೂ ಅಲ್ಲ. ಕಬ್ಬಿನ ಹಂಗಾಮಿನಲ್ಲಿ ಕೃಷ್ಣಾ ತೀರದ ರಸ್ತೆಗಳ ಮೇಲೆ ರಾತ್ರಿಯಿಡೀ ಟ್ರ್ಯಾಕ್ಟರ್ ಟ್ರೇಲರುಗಳು ಸಾಗುತ್ತವೆ. ಫ್ಯೂಸು ಹೋಗಿ ಹಿಂದಿನ ಕೆಂಪು ದೀಪ ಆರಿದ ಟ್ರೇಲರು ಕತ್ತಲಲ್ಲಿ ನಿಂತ ಗೋಡೆಯಿದ್ದಂತೆ. ಅದಕ್ಕೆ ಬಂದು ಅಪ್ಪಳಿಸುವ ಮೋಟಾರ್ ಸೈಕಲ್ಲಿನ ಹುಡುಗ ಯಾರ ಮನೆಯವನೂ ಆಗಿರಬಹುದು.

ಆದ್ದರಿಂದ ನನ್ನ ಸೂಚನೆ ಎರಡು. ಬೆಳಗಾವಿ ಜಿಲ್ಲೆಯ ಮತ್ತಿಕೊಪ್ಪ, ತುಕ್ಕಾನಟ್ಟಿಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಬೀಜೋಪಚಾರ, ಸಿಂಪರಣೆ ಕಲಿಸುವ ಇಂಥ ಕೇಂದ್ರಗಳು ಅರ್ಧ ದಿನವನ್ನು ಫ್ಯೂಸು ಮತ್ತು ಟೈರಿಗೂ ಕೊಡಲಿ, ಆ ತರಬೇತಿಗೆ ಹೆಣ್ಣುಮಕ್ಕಳನ್ನೂ ಕರೆಯಲಿ. ನಡುರಾತ್ರಿ ದವಾಖಾನೆಗೆ ಓಡುವಾಗ ಗಂಡಸೇ ಜೊತೆಗಿರುತ್ತಾನೆಂಬ ಖಾತ್ರಿಯಿಲ್ಲ. ಎರಡನೆಯದಾಗಿ, ಸಕ್ಕರೆ ಕಾರ್ಖಾನೆಗಳ ಅಂಗಳದಲ್ಲಿ ಕಬ್ಬು ತೂಗುವ ಕಾಟಾದ ಪಕ್ಕ ಗಾಳಿಯ ಯಂತ್ರ, ಅಳತೆಯ ಮೀಟರು ಹಾಗೂ ಹಿಂದಿನ ದೀಪ ಪರೀಕ್ಷಿಸುವ ಒಬ್ಬ ಆಳು ಇರಲಿ. ಸರದಿಗಾಗಿ ಗಂಟೆಗಟ್ಟಲೆ ಕಾಯುವ ಚಾಲಕನಿಗೆ ಇದಕ್ಕೆ ಸಮಯ ಸಾಲದೆಂಬ ಮಾತಿಲ್ಲ.

ಖಂಡೇನವಮಿಯಂದು ನಾವು ವಾಹನಕ್ಕೆ ಹಾರ ಹಾಕಿ, ಗಾಲಿಯಡಿ ನಿಂಬೆಹಣ್ಣು ಇಟ್ಟು ಪೂಜಿಸುತ್ತೇವೆ. ಅಂದು ಆರತಿಗೆ ಮೊದಲು ಫ್ಯೂಸಿನ ಪೆಟ್ಟಿಗೆ ತೆರೆದು ಅಲ್ಲಿ ಸುತ್ತಿದ ತಂತಿಯೇನಾದರೂ ಇದ್ದರೆ ಕಿತ್ತು ಹಾಕೋಣ. ನಾಲ್ಕು ಫ್ಯೂಸುಗಳನ್ನು ಪೆಟ್ಟಿಗೆಯಲ್ಲಿಟ್ಟು, ಐದು ಟೈರುಗಳ ಗಾಳಿ ನೋಡಿ, ಆಮೇಲೆ ಕಾಯಿ ಒಡೆಯೋಣ.