ಚೆಲ್ಲಿದ ಸಾಂಬಾರಿಗೆ ಮಾಣಿಯ ಪಗಾರವೇ?

ಗಿರಾಕಿಯ ಮೇಲೆ ಸಾಂಬಾರು ಚೆಲ್ಲಿತೆನ್ನಿ. ಮೈ ಸುಟ್ಟಿದ್ದರೆ ಕೂಡಲೇ ತಣ್ಣೀರು, ಔಷಧದ ಖರ್ಚು. ಅಂಗಿ ಕೆಟ್ಟಿದ್ದರೆ ಧೋಬಿಯ ದುಡ್ಡು. ಇದು ಹೋಟೆಲಿನ ಋಣ. ಇದಕ್ಕೆ ನಮ್ಮ ತಕರಾರಿಲ್ಲ. ಗಿರಾಕಿಯೂ ಬಹುಮಟ್ಟಿಗೆ ನಮ್ಮಂತೆ ದುಡಿದು ಉಣ್ಣುವವನೇ.

ಆದರೆ ಗಲ್ಲಾದ ಮುಂದೆ ಉದಾರಿಗಳಾಗುವ ಧಣಿಗಳು ತಿಂಗಳ ಕೊನೆಗೆ ಅದನ್ನು ಮಾಣಿಯ ಪಗಾರದಲ್ಲಿ ಮುರಿದುಕೊಳ್ಳುವುದು ಯಾವ ನ್ಯಾಯ? ನೌಕರನ ವಶಕ್ಕೆ ಒಪ್ಪಿಸಿದ ಮಾಲು ಅವನ ಅಲಕ್ಷ್ಯದಿಂದಲೇ ಹಾಳಾದರೆ, ಅವನ ಸಮಜಾಯಿಷಿ ಕೇಳಿದ ಮೇಲಷ್ಟೇ ನಷ್ಟ ಮುರಿಯಬಹುದೆಂದು 1936ರ ವೇತನ ಪಾವತಿ ಕಾಯಿದೆ ಹೇಳಿತ್ತು. 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಗಿರಾಕಿಯ ಅಂಗಿಯನ್ನು ಮಾಣಿಯ ವಶಕ್ಕೆ ಒಪ್ಪಿಸಿದವರು ಯಾರು ಸ್ವಾಮಿ? ಒಬ್ಬನಿಗೆ ಹತ್ತು ಮೇಜು ಹಚ್ಚಿ, ಒದ್ದೆ ನೆಲದಲ್ಲಿ ಓಡಿಸಿದವರು ಯಾರು?

ಹೀಗೆ ಪಗಾರ ಮುರಿಸಿಕೊಂಡವರು ಚೀಟಿಯನ್ನು ಸಂಘಕ್ಕೆ ತನ್ನಿ.