ವೃತ್ತಿ ಮಾರ್ಗದರ್ಶನದಲ್ಲಿ ವರ್ತಕರ ಹೊಣೆ

ಕೆಲಸ ಬಲ್ಲ ಹುಡುಗರು ದೊರೆಯುವುದಿಲ್ಲವೆಂಬ ದೂರು ಗದಗ-ಬೆಟಗೇರಿಯ ಮುದ್ರಣಾಲಯಗಳಲ್ಲಿಯೂ ಹತ್ತಿ ವ್ಯಾಪಾರದ ಅಂಗಡಿಗಳಲ್ಲಿಯೂ ಕೇಳಿಬರುತ್ತದೆ. ಆದರೆ ತುಂಗಭದ್ರಾ ತೀರದ ಕೊರ್ಲಹಳ್ಳಿಯಂಥ ಊರಿನಲ್ಲಿ ಎಸ್.ಎಸ್.ಎಲ್.ಸಿ. ಓದುವ ವಿದ್ಯಾರ್ಥಿಗೆ ಆ ಮುದ್ರಣಾಲಯದೊಳಗೆ ನಡೆಯುವ ಕೆಲಸವನ್ನು ತೋರಿಸಿದವರು ಯಾರು? ಪರೀಕ್ಷೆ ಮುಗಿದ ಮೇಲೆ ಕಾಲೇಜುಗಳ ಹೆಸರು ಹೇಳುವ ಒಂದು ಗಂಟೆಯ ಭಾಷಣ ಮಾರ್ಗದರ್ಶನವೆನಿಸದು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಬೇಕೆಂದು ಸೂಚಿಸಿತು. ಕರ್ನಾಟಕ ಸರ್ಕಾರ 2023ರಲ್ಲಿ ತನ್ನದೇ ನೀತಿಗಾಗಿ ಆಯೋಗ ರಚಿಸಿತು. ಮಕ್ಕಳಿಗೆ ಕೆಲಸ ತೋರಿಸುವುದಕ್ಕೆ ಯಾವ ನೀತಿಯ ಹಂಗೂ ಬೇಕಿಲ್ಲ.

ತೋರಿಸುವುದು ಬೇರೆ, ದುಡಿಸುವುದು ಬೇರೆ. ಹದಿನಾಲ್ಕು ತುಂಬದವರನ್ನು ದುಡಿಸುವುದು ಅಪರಾಧ. ಹದಿನಾಲ್ಕು ತುಂಬಿದವರನ್ನು 1961ರ ಶಿಶಿಕ್ಷು ಅಧಿನಿಯಮದಡಿ ಒಪ್ಪಂದ ನೋಂದಾಯಿಸಿ ತರಬೇತಿಗೆ ತೆಗೆದುಕೊಳ್ಳಬಹುದು. ಅಪಾಯಕಾರಿ ಉದ್ಯಮಗಳಿಗೆ ಹದಿನೆಂಟು ತುಂಬಿರಬೇಕು. 2019ರ ತಿದ್ದುಪಡಿಯ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಘಟಕಗಳಿಗೆ ಇದು ಕಡ್ಡಾಯ, 4ರಿಂದ 29 ಜನರಿರುವ ಘಟಕಗಳಿಗೆ ಐಚ್ಛಿಕ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರೋತ್ಸಾಹ ಯೋಜನೆಯಡಿ ಶಿಷ್ಯವೇತನದ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಸಣ್ಣ ಉದ್ಯಮಿಗಳು ಈ ಐಚ್ಛಿಕ ಅವಕಾಶವನ್ನು ಕಾಗದಪತ್ರದ ಅಂಜಿಕೆಯಿಂದ ಕೈಬಿಡುವುದು ವಿಷಾದಕರ. ಶಿಶಿಕ್ಷುವಿನ ಹೆಸರಿನಲ್ಲಿ ಅಗ್ಗದ ಆಳನ್ನು ಹುಡುಕುವವರು ದೂರವಿದ್ದರೇ ಒಳಿತು.

ಬರುವ ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲೇ ವಾಣಿಜ್ಯ ಸಂಸ್ಥೆಯು ಮುಂಡರಗಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಪತ್ರ ಬರೆದು, ವರ್ಷಕ್ಕೆರಡು ದಿನ ಮಕ್ಕಳನ್ನು ಬರಮಾಡಿಕೊಳ್ಳುವ ಸದಸ್ಯರ ಪಟ್ಟಿ ಒಪ್ಪಿಸಬೇಕು. ಬಸ್ಸಿನ ಖರ್ಚನ್ನೂ ಸಂಸ್ಥೆಯೇ ವಹಿಸಲಿ. ಅದು ವಾರ್ಷಿಕ ಸಭೆಯ ಊಟದ ವೆಚ್ಚವನ್ನು ಮೀರಲಾರದು.