ಆಟದ ಚೀಟಿಯ ಪೇಟೆ

ಚಳ್ಳಕೆರೆಯಿಂದ ಗೃಹಸ್ಥರೊಬ್ಬರು ನಮಗೆ ಕಾಗದ ಬರೆದಿರುವರು. ಶೇಂಗಾ ವ್ಯಾಪಾರದಲ್ಲಿ ಮೂವತ್ತು ವರ್ಷ ಕಳೆದವರು. ಕಾಳನ್ನು ಅಂಗೈಯಲ್ಲಿ ತಿಕ್ಕಿ ನೋಡಿ ಎಣ್ಣೆಯ ಅಂದಾಜು ಹೇಳಬಲ್ಲವರು. ಈಚೆಗೆ ಅವರ ಇಬ್ಬರು ಮೊಮ್ಮಕ್ಕಳು ಬೆಂಗಳೂರಿಗೆ ಹೋಗಿ ಕ್ರಿಕೆಟ್ ಪಂದ್ಯವನ್ನು ಕಣ್ಣಾರೆ ನೋಡಲೇಬೇಕೆಂದು ಹಟ ಹಿಡಿದಿರುವುದರಿಂದ, ಮೊಬೈಲಿನೊಳಗಣ ಟಿಕೆಟ್ಟಿನ ಪೇಟೆಯನ್ನು ಹೊಕ್ಕು ಕಂಗೆಟ್ಟಿರುವರು. "ಒಂದೇ ಪಂದ್ಯ, ಒಂದೇ ದಿನ, ಒಬ್ಬನು ಒಂದು ಬೆಲೆ ಹೇಳುತ್ತಾನೆ, ಇನ್ನೊಬ್ಬನು ಮತ್ತೊಂದು. ಯಾವ ಅಂಗಡಿ ಅಗ್ಗ? ಎಲ್ಲಿಯೂ ದೊರೆಯದಿದ್ದರೆ ಗೇಟಿನ ಬಳಿ ನಿಂತು ಕೊಂಡರಾಗದೆ?" ಎಂಬುದು ಅವರ ಪ್ರಶ್ನೆ. ಇದೇ ಪ್ರಶ್ನೆ ಬೇರೆ ಮನೆಗಳಲ್ಲಿಯೂ ಎದ್ದಿರಬಹುದಾದುದರಿಂದ ಈ ತಿಂಗಳ ನಮ್ಮ ಪುಟವನ್ನು ಅದಕ್ಕೇ ಮೀಸಲಿಡುವೆವು.

ಮಂಡಿಯಲ್ಲಿ ಮೂಟೆ ಇಳಿದೊಡನೆ ನಮ್ಮ ಮಿತ್ರರು ಕೇಳುವ ಮೊದಲ ಮಾತು ದರವಲ್ಲ. ಮಾಲು ಯಾರದು ಎಂಬುದು. ಇಲ್ಲಿಯೂ ಅದನ್ನೇ ಮೊದಲು ಕೇಳತಕ್ಕದ್ದು. ಟಿಕೆಟ್ಟು ಮಾರುವ ಅಂಗಡಿಗಳಲ್ಲಿ ಎರಡು ಜಾತಿಗಳುಂಟು. ಪಂದ್ಯವನ್ನು ನಡೆಸುವವರಿಂದಲೇ ಹಕ್ಕು ಪಡೆದು ಮಾರುವವರು ಒಂದು ಜಾತಿ. 2023ರ ವಿಶ್ವಕಪ್ಪಿನ ಟಿಕೆಟ್ಟುಗಳನ್ನು ಬುಕ್‌ಮೈಶೋ ಮಾರಿದ್ದು ಹೀಗೆ. ಜೊಮ್ಯಾಟೊ ಕಂಪೆನಿಯು 2024ರಲ್ಲಿ ಪೇಟಿಎಮ್ಮಿನವರ ಟಿಕೆಟ್ಟಿನ ವ್ಯವಹಾರವನ್ನು ಕೊಂಡು, ಅದೇ ವರ್ಷ ತೆರೆದ ಡಿಸ್ಟ್ರಿಕ್ಟ್ ಎಂಬುದೂ ಇದೇ ಜಾತಿಯದು. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದವರಾದರೋ ತಮ್ಮ ಪಂದ್ಯದ ಟಿಕೆಟ್ಟುಗಳನ್ನು ತಮ್ಮ ಸ್ವಂತ ತಾಣದಲ್ಲಿಯೇ ಮಾರುತ್ತ ಬಂದಿರುವರು. ಒಂದು ಪಂದ್ಯದ ಟಿಕೆಟ್ಟನ್ನು ಸಾಮಾನ್ಯವಾಗಿ ಒಂದೇ ಕಿಟಕಿಗೆ ಕೊಡುವುದು ರೂಢಿ. ಆದಕಾರಣ ನಾಲ್ಕು ಅಂಗಡಿ ಸುತ್ತಿ ಅಗ್ಗವಾದುದನ್ನು ಆರಿಸುವೆನೆಂಬ ಮಾತು ಇಲ್ಲಿ ಬಹುಮಟ್ಟಿಗೆ ನಡೆಯದು. ಆ ಒಂದು ಕಿಟಕಿ ಯಾವುದೆಂಬುದನ್ನು ತಂಡದ ಅಥವಾ ಕ್ರಿಕೆಟ್ ಸಂಸ್ಥೆಯ ಪ್ರಕಟಣೆಯಿಂದಲೇ ತಿಳಿಯಬೇಕು.

ಎರಡನೆಯ ಜಾತಿ, ಒಬ್ಬರು ಕೊಂಡ ಟಿಕೆಟ್ಟನ್ನು ಮತ್ತೊಬ್ಬರಿಗೆ ಮಾರಿಸುವ ಮರುಮಾರಾಟದ ಪೇಟೆ. ವಿಯಾಗೊಗೊ, ಸ್ಟಬ್‌ಹಬ್ ಎಂಬ ಹೆಸರುಗಳು ಹೊರದೇಶಗಳಲ್ಲಿ ಪ್ರಸಿದ್ಧವಾಗಿವೆ. ಇಲ್ಲಿ ಬೆಲೆಯನ್ನು ಕಟ್ಟುವವನು ಪಂದ್ಯ ನಡೆಸುವವನಲ್ಲ, ಟಿಕೆಟ್ಟು ಇಟ್ಟುಕೊಂಡವನು. ನಡುವೆ ಅಂಗಡಿಯವನಿಗೂ ದಲ್ಲಾಳಿ ಸಲ್ಲುತ್ತದೆ. ನಾಯಕನಹಟ್ಟಿಯ ತೇರಿನಲ್ಲಿ ಮುಕ್ತಿಬಾವುಟದ ಹರಾಜು ಏರುವುದನ್ನು ನಮ್ಮ ಮಿತ್ರರು ಕಂಡೇ ಇರುವರು. ಅಲ್ಲಿ ಕೂಗುವವನಾರು, ಏರಿಸುವವನಾರು ಎಂಬುದು ನೆರೆದ ಜನಕ್ಕೆಲ್ಲ ಕಾಣುತ್ತದೆ. ಇಲ್ಲಿ ಎದುರಿನವನ ಮುಖವೇ ಕಾಣದು. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಟಿಕೆಟ್ಟನ್ನು ಅನುಮತಿಯಿಲ್ಲದೆ ಮರುಮಾರಾಟ ಮಾಡುವುದನ್ನು 1994ರ ಕಾಯಿದೆಯಿಂದಲೇ ಅಪರಾಧವೆಂದು ಮಾಡಿರುವರು.

ಇವೆರಡೂ ಅಲ್ಲದ ಮೂರನೆಯದೊಂದುಂಟು. ಅದನ್ನು ಅಂಗಡಿಯೆನ್ನುವುದೇ ತಪ್ಪು. ನಾವು ಬಲ್ಲೆವು, ಏಕೆಂದರೆ ಅದರಲ್ಲಿ ನಾವೇ ಬಿದ್ದೆವು. ಕೆಲವು ವರ್ಷಗಳ ಹಿಂದೆ ಮನೆಯ ಹುಡುಗನ ಒತ್ತಾಯಕ್ಕೆ, ಮೊಬೈಲಿನ ಸಂದೇಶದಲ್ಲಿ ಪರಿಚಯವಾದ ಅನಾಮಧೇಯನೊಬ್ಬನಿಗೆ 5,000 ರೂಪಾಯಿ ಕಳುಹಿ ಎರಡು ಟಿಕೆಟ್ಟುಗಳ ಚಿತ್ರವನ್ನು ಪಡೆದೆವು. ಹೆಸರು, ಸಾಲು, ಆಸನದ ಸಂಖ್ಯೆ, ಕ್ಯೂಆರ್ ಚೌಕ, ಎಲ್ಲವೂ ಇದ್ದುವು. ಗೇಟಿನಲ್ಲಿ ಯಂತ್ರಕ್ಕೆ ಹಿಡಿದಾಗ, ಈ ಚೌಕದಲ್ಲಿ ಆಗಲೇ ಇಬ್ಬರು ಒಳಗೆ ಹೋಗಿರುವರೆಂಬ ಉತ್ತರ ಬಂದಿತು. ಒಂದೇ ಚಿತ್ರವನ್ನು ಆ ಮಹಾಶಯನು ಎಷ್ಟು ಮಂದಿಗೆ ಮಾರಿದ್ದನೋ! ಒಳಗಿನಿಂದ ಜನರ ಆರ್ಭಟ ಕೇಳುತ್ತಿತ್ತು. ಹುಡುಗನು ಅಳಲಿಲ್ಲ, ಬಸ್ಸಿನಲ್ಲಿ ಹಿರಿಯೂರು ದಾಟುವವರೆಗೂ ಒಂದು ಮಾತನ್ನೂ ಆಡಲಿಲ್ಲ. ಹಣ ಹೋದುದಕ್ಕಿಂತ ಅದೇ ನಮಗೆ ಹೆಚ್ಚು ಕಷ್ಟವಾಯಿತು.

ಇನ್ನು ಬೆಲೆಯ ಮಾತು. ಮೊದಲ ಪುಟದ ಬೆಲೆಯನ್ನು ಮೊದಲ ಪುಟದ ಬೆಲೆಯೊಡನೆ ಹೋಲಿಸಬಾರದು. ಹಣ ಕೊಡುವ ಕೊನೆಯ ಪುಟವನ್ನು ಕೊನೆಯ ಪುಟದೊಡನೆ ಹೋಲಿಸಬೇಕು. ಒಬ್ಬನು ಎಲ್ಲ ಸೇರಿ 2,000 ರೂ. ಎನ್ನುವನೆಂದೂ ಇನ್ನೊಬ್ಬನು 1,800 ಎನ್ನುವನೆಂದೂ ಭಾವಿಸೋಣ. ಎರಡನೆಯವನು ಕೊನೆಯಲ್ಲಿ ಅನುಕೂಲದ ಶುಲ್ಕವೆಂದು 300ನ್ನೂ ಅದರ ಮೇಲೆ ಶೇಕಡಾ 18ರ ತೆರಿಗೆ 54ನ್ನೂ ಸೇರಿಸಿದರೆ 2,154 ಆಯಿತು. ನಾಲ್ವರ ಸಂಸಾರಕ್ಕೆ 8,000ದ ಬದಲು 8,616. ಹೀಗೆ ಹನಿಹನಿಯಾಗಿ ಬೆಲೆಯೇರಿಸುವುದನ್ನೂ, "ಇನ್ನು ಎರಡೇ ಆಸನ" ಎಂದು ಸುಳ್ಳು ಅವಸರ ಹುಟ್ಟಿಸುವುದನ್ನೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಅಮೆರಿಕೆಯಲ್ಲಿರುವ ನಮ್ಮ ವಾಚಕರಿಗೆ 2025ರ ಮೇ 12ರಿಂದ ಮೊದಲ ಪುಟದಲ್ಲಿಯೇ ಒಟ್ಟು ಬೆಲೆಯನ್ನು ತೋರಿಸಬೇಕೆಂಬ ನಿಯಮದ ಅನುಕೂಲವಿದೆ. ಇಲ್ಲಿ ನಾವು ಕೊನೆಯ ಪುಟದವರೆಗೆ ಹೋಗಿಯೇ ನೋಡಬೇಕು.

ತೆರಿಗೆಯನ್ನು ಮಾತ್ರ ಅಂಗಡಿಯವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಐಪಿಎಲ್ ಪಂದ್ಯದ 1,000 ರೂ. ಮೂಲಬೆಲೆಯ ಟಿಕೆಟ್ಟಿಗೆ ಮೊದಲು ಶೇಕಡಾ 28ರಂತೆ 1,280 ಆಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40 ಆಗಿ 1,400 ಆಯಿತು. ಮಾನ್ಯತೆ ಪಡೆದ ಇತರ ಕ್ರೀಡಾಕೂಟಗಳಲ್ಲಾದರೋ 500 ರೂ. ವರೆಗೆ ತೆರಿಗೆಯೇ ಇಲ್ಲ, ಅದಕ್ಕೆ ಮೇಲ್ಪಟ್ಟರೆ ಶೇಕಡಾ 18. ಮೊಮ್ಮಕ್ಕಳಿಗೆ ಬೇಕಾದುದು ಆಟವೇ ಹೊರತು ಅದರ ಗದ್ದಲವಲ್ಲವೆಂದಾದರೆ ಈ ಅಂತರವನ್ನೂ ಯೋಚಿಸಬಹುದು. ಆದರೆ ಹುಡುಗರಿಗೆ ಗದ್ದಲವೂ ಬೇಕು. ಅದನ್ನು ನಾವು ಅರಿಯೆವೆ?

ಮಳೆಯ ವಿಚಾರವನ್ನು ಯಾರೂ ಮುಂಚಿತವಾಗಿ ಕೇಳುವುದಿಲ್ಲ. 2025ರ ಮೇ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಂಗಳೂರು, ಕಲ್ಕತ್ತೆಗಳ ಪಂದ್ಯವು ಒಂದು ಚೆಂಡನ್ನೂ ಕಾಣದೆ ಮಳೆಯಲ್ಲಿ ಕೊಚ್ಚಿಹೋಯಿತು. ತಂಡದವರು ಟಿಕೆಟ್ಟಿನ ಹಣವನ್ನು ಹಿಂದಿರುಗಿಸುವುದಾಗಿ ಪ್ರಕಟಿಸಿದರು. ಮೊಬೈಲಿನಲ್ಲಿ ಕೊಂಡವರಿಗೆ ಹಣವು ಕೊಟ್ಟ ಖಾತೆಗೇ ಮರಳತಕ್ಕದ್ದು. ಅಂದಮೇಲೆ ಮೂರನೆಯವನ ಕೈಯಿಂದ ಎರಡರಷ್ಟು ಕೊಟ್ಟು ಕೊಂಡವನ ಗತಿಯೇನು? ಹಣ ಮರಳುವುದು ಮೊದಲು ಕೊಂಡವನಿಗೆ. ಅವನು ಮಾರಿದ ಲಾಭವನ್ನೂ ಇಟ್ಟುಕೊಂಡನು, ಮರಳಿದ ಬೆಲೆಯನ್ನೂ ಇಟ್ಟುಕೊಂಡನು. ನಮ್ಮ ಮಿತ್ರರು ಅಂಗಡಿಗಳನ್ನು ಹೋಲಿಸುವಾಗ ಈ ಒಂದು ಅಂಶಕ್ಕೆ ಬೆಲೆಯಷ್ಟೇ ತೂಕ ಕೊಡಬೇಕೆಂದು ನಮ್ಮ ಅಭಿಪ್ರಾಯ.

ಮೋಸವಾದರೆ ಸುಮ್ಮನಿರಬೇಕಾದುದಿಲ್ಲ. ಹಣ ಕಳೆದುಕೊಂಡ ಗಳಿಗೆಯಲ್ಲಿಯೇ 1930ಕ್ಕೆ ಕರೆಮಾಡಿದರೆ, ಅದು ಬೇರೆ ಖಾತೆಗೆ ಜಾರುವ ಮೊದಲೇ ತಡೆಹಿಡಿಯುವ ಸಂಭವವುಂಟು. ನಾವು ಮರುದಿನದವರೆಗೆ ತಡೆದು ಕೆಟ್ಟೆವು. ನಿಜವಾದ ಅಂಗಡಿಯ ಮೇಲಿನ ದೂರಿಗೆ ಗ್ರಾಹಕ ಸಹಾಯವಾಣಿ 1915. ಅಲ್ಲಿಯೂ ಬಗೆಹರಿಯದಿದ್ದರೆ, ಅಂಗಡಿಯವನು ಮುಂಬಯಿಯಲ್ಲಿದ್ದರೂ ಚಳ್ಳಕೆರೆಯವರು ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗದಲ್ಲಿಯೇ ದೂರು ಕೊಡಬಹುದೆಂದು 2019ರ ಕಾಯಿದೆ ಹೇಳುತ್ತದೆ. 5 ಲಕ್ಷ ರೂ. ವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ.

ಉಳಿದದ್ದು ಗೇಟಿನ ಪ್ರಶ್ನೆ. ಇದಕ್ಕೆ ಬೇಡವೆಂದೇ ನಮ್ಮ ಉತ್ತರ. 2025ರ ಜೂನ್ 4ರಂದು, ತಂಡವು ಕಪ್ಪು ಗೆದ್ದ ಮರುದಿನ, ಅದೇ ಕ್ರೀಡಾಂಗಣದ ಗೇಟುಗಳ ಮುಂದೆ ಒಳಗೆ ಹೋಗುವ ದಾರಿ ಕಾಣದೆ ನೂಕಾಡಿದ ಜನರಲ್ಲಿ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅವರಲ್ಲಿ ಎಳೆಯರೇ ಹೆಚ್ಚು. ಕೈಯಲ್ಲಿ ಟಿಕೆಟ್ಟಿಲ್ಲದೆ, ಎರಡು ಮಕ್ಕಳನ್ನು ಹಿಡಿದುಕೊಂಡು ಅಂಥ ಸಂದಣಿಯಲ್ಲಿ ನಿಲ್ಲತಕ್ಕದ್ದಲ್ಲ.

ಪಂದ್ಯವು ಸಂಜೆ ಏಳೂವರೆಗೆ ಮೊದಲಾದರೆ ಮುಗಿಯುವಾಗ ರಾತ್ರಿ ಹನ್ನೊಂದು ಮೀರುವುದು. ಊರು 200 ಕಿಲೋಮೀಟರಿನಷ್ಟು ದೂರ. ರಾತ್ರಿಯ ತಂಗುವಿಕೆಯನ್ನೂ ಲೆಕ್ಕಕ್ಕೆ ಹಿಡಿದು, ಟಿಕೆಟ್ಟು ಅವರದೇ ಹೆಸರಿಗೆ, ಅವರದೇ ಖಾತೆಯಿಂದ ಬಂದ ಮೇಲೆಯೇ ಬಸ್ಸಿನಲ್ಲಿ ಸ್ಥಳ ಕಾದಿರಿಸಲಿ. ಬಾರದಿದ್ದರೆ ಈ ಸಲಕ್ಕೆ ಮನೆಯ ಟಿವಿಯೇ ಗತಿ. ಅದನ್ನು ಮೊಮ್ಮಕ್ಕಳಿಗೆ ತಿಳಿಸುವ ಭಾರವನ್ನು ಮಾತ್ರ ನಾವು ಹೊರಲಾರೆವು, ಅದು ಅಜ್ಜನವರದೇ.